ಹಚಾ ಅಂದರೆ ಬಾ

ನಮ್ಮ ಮನೆಯ ನಾಯಿಗೆ ಹೆಸರಿರಲಿಲ್ಲ. ಹೆಸರಿಡಲು ಬಾರದವರೇನೂ ನಾವಲ್ಲ. ಜೇವರ್ಗಿಯ ನಮ್ಮ ಓಣಿಯಲ್ಲಿ ಆಡಿಗೂ ಹೆಸರಿತ್ತು, ಕೋಳಿಗೂ ಹೆಸರಿತ್ತು, ಅಬ್ಬಾನ ಬಣ್ಣದ ಬ್ರಷ್‌ಗಳಿಗೆ ನಾನೇ ಒಂದೊಂದು ಹೆಸರಿಟ್ಟಿದ್ದೆ. ಆದರೆ ನಾಯಿಗೆ ಮಾತ್ರ ಹೆಸರಿಡಕೂಡದೆಂದು ಅಬ್ಬಾನ ತಾಯಿ, ನಮ್ಮ ದಾದಿಮಾ, ಕಟ್ಟಪ್ಪಣೆ ಮಾಡಿದ್ದಳು. ಅವಳ ಲೆಕ್ಕಾಚಾರ ಬಹಳ ಸರಳವಾಗಿತ್ತು.

"ಹೆಸರಿಟ್ರ ಕರೀಬೇಕಾಗ್ತದ. ಕರದ್ರ ಒಳಗ ಬರ್ತದ. ಒಳಗ ಬಂತಂದ್ರ ನಾ ನಮಾಜು ಎಲ್ಲಿ ಓದ್ಲಿ ಬೇ, ನಿನ್ನ ತಲಿ ಮ್ಯಾಲ?"

ಮನೆ ಅಂದರೆ ಒಂದರ ಹಿಂದೊಂದು ಮೂರು ಕೋಣೆ. ರಸ್ತೆಗೆ ಪಡಸಾಲೆ, ನಡುವೆ ದಾದಿಮಾಳ ಕೋಣೆ, ಹಿಂದೆ ಅಡುಗೆ ಮನೆ. ನೆಲಕ್ಕೆಲ್ಲ ಶಹಾಬಾದ್ ಕಲ್ಲು. ಬೇಸಿಗೆಯಲ್ಲಿ ಅಂಗಿ ಬಿಚ್ಚಿ ಆ ಕಲ್ಲಿನ ಮೇಲೆ ಬೆನ್ನು ಹಚ್ಚಿ ಮಲಗುವುದಕ್ಕಿಂತ ದೊಡ್ಡ ಸುಖವನ್ನು ನಾನು ಆಮೇಲೆ ಕಂಡಿಲ್ಲ. ನಾಯಿಯ ಜೊಲ್ಲು ತಾಗಿದ ಬಟ್ಟೆಯಲ್ಲಿ, ತಾಗಿದ ನೆಲದಲ್ಲಿ ನಮಾಜು ಆಗದು. ಹಾಗಾಗಿ ಹೊಸ್ತಿಲಿನ ಕಲ್ಲು ನಾಯಿಗೆ ಗಡಿ. ಅದರಾಚೆಯ ಅಂಗಳದಲ್ಲಿ ಒಂದು ಕಡೆ ನೀರಿನ ಹೌಜು, ಇನ್ನೊಂದು ಕಡೆ ಅಬ್ಬಾನ ಕೆಲಸ. ಅಬ್ಬಾ ಟ್ರಾಕ್ಟರ್ ಟ್ರಾಲಿಗಳಿಗೆ ಬಣ್ಣ ಹೊಡೆದು ಹಿಂದಿನ ಹಲಗೆಯ ಮೇಲೆ ಹೆಸರು, ಹೂವು, ಎರಡು ನವಿಲು ಬರೆಯುತ್ತಿದ್ದರು. ಕನ್ನಡವನ್ನು ಎಡದಿಂದ, ಉರ್ದುವನ್ನು ಬಲದಿಂದ, ಎರಡನ್ನೂ ಒಂದೇ ಉಸಿರಿನಲ್ಲಿ. ನಾಯಿ ಬಂದದ್ದೂ ಒಂದು ಟ್ರಾಲಿಯ ಜೊತೆಗೇ. ಅತನೂರ ಕಡೆಯಿಂದ ಬಣ್ಣಕ್ಕೆ ಬಂದ ಟ್ರಾಲಿಯ ನೆರಳಿನಲ್ಲಿ ಓಡಿಕೊಂಡು ಬಂದ ಕೆಂಪು ನಾಯಿ, ಒಂದು ಕಿವಿ ಮಡಚಿದ್ದು, ಟ್ರಾಲಿ ವಾಪಸ್ಸು ಹೋದ ಮೇಲೂ ಉಳಿದುಬಿಟ್ಟಿತು. ದಾದಿಮಾ ಅತನೂರಿನಲ್ಲಿ ಹುಟ್ಟಿ ಬೆಳೆದವಳು. "ನಮ್ಮೂರ ಕಡೀದು, ಇರ್ಲಿ ಬಿಡು" ಎಂದು ಅವಳು ಅನುಮತಿ ಕೊಟ್ಟ ಮೇಲೆ ಬೇರೆಯವರು ಬಾಯಿ ತೆರೆಯುವ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆ ಅಮ್ಮಾ ಬಡಿದ ಮೊದಲ ಜೋಳದ ರೊಟ್ಟಿಯನ್ನು ಮುರಿದು ಹೌಜಿನ ಪಕ್ಕದ ಮಣ್ಣಿನ ಪರಟಿಯಲ್ಲಿ ಹಾಕುತ್ತಿದ್ದವಳೂ ಅವಳೇ. ಹಾಕುವುದು, ಹಾಕಿದ ಮರುಗಳಿಗೆಗೆ "ಹಚಾ!" ಎಂದು ಗದರುವುದು. ನಮ್ಮ ಕಡೆ ನಾಯಿಯನ್ನು ಓಡಿಸುವ ಶಬ್ದ ಅದು. ಮನೆಯೊಳಗೆ ನಾವು ಉರ್ದು ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ನಾಯಿಯ ಪಾಲಿಗೆ ಮಾತ್ರ ಇಡೀ ದಿನಕ್ಕೆ ಬರುತ್ತಿದ್ದದ್ದು ಈ ಒಂದೇ ಶಬ್ದ.

ಆಟ ಶುರುವಾದದ್ದು ಅಬ್ಬಾನ ಅವಸರದಿಂದ. ಬಣ್ಣದ ಡಬ್ಬಿಯ ಮುಚ್ಚಳವನ್ನು ಉಳಿಯಿಂದ ಎಬ್ಬಿಸಿ ಅದನ್ನು ಹಿಂದೆ ನೋಡದೆ ಬೀಸಿ ಒಗೆಯುವುದು ಅವರ ಅಭ್ಯಾಸ. ಒಂದು ದಿನ ದೊಡ್ಡ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳ ಗಾಳಿಗೆ ಸಿಕ್ಕು, ನೆಲಕ್ಕೆ ಬೀಳದೆ, ಅಂಗಳದುದ್ದಕ್ಕೂ ತೇಲಿಕೊಂಡು ಹೋಯಿತು. ಮಲಗಿದ್ದ ನಾಯಿ ಎದ್ದು ನಾಲ್ಕು ಹೆಜ್ಜೆ ಓಡಿ, ನಾಲ್ಕೂ ಕಾಲು ನೆಲ ಬಿಟ್ಟು, ಅದನ್ನು ಗಾಳಿಯಲ್ಲೇ ಬಾಯಲ್ಲಿ ಹಿಡಿಯಿತು. ಅಬ್ಬಾ ಬ್ರಷ್ ಹಿಡಿದವರು ಹಾಗೇ ನಿಂತರು. ನನಗಾಗ ಹತ್ತು ವರ್ಷ. ಶಾಲೆಯಲ್ಲಿ ನಾನು ಯಾವ ಆಟಕ್ಕೂ ಯಾರಿಗೂ ಬೇಕಾದವಳಲ್ಲ. ಓಡಿದರೆ ಹಿಂದೆ, ಎಸೆದರೆ ಅಡ್ಡಾದಿಡ್ಡಿ. ಆ ಗಳಿಗೆಯಲ್ಲಿ ಮಾತ್ರ, ಇದು ನನ್ನದು, ಇದನ್ನು ನಾನು ಕಲಿಸುತ್ತೇನೆ ಎಂದು ಅನ್ನಿಸಿಬಿಟ್ಟಿತು. ಈಗ ಕಲಬುರಗಿಯಲ್ಲಿ ನನ್ನ ಮನೆಯ ಎದುರಿನ ಮೈದಾನದಲ್ಲಿ ಜನ ಅಂಗಡಿಯಿಂದ ತಂದ ತಟ್ಟೆಯನ್ನು ನಾಯಿಗೆ ಎಸೆಯುತ್ತಾರೆ, ಅದಕ್ಕೆ ಫ್ರಿಸ್ಬಿ ಅನ್ನುತ್ತಾರೆ. ನಮಗೆ ಅದು ಹಸಿರು ಬಣ್ಣ ಮೆತ್ತಿದ ಮುಚ್ಚಳ, ಅಷ್ಟೆ.

ಮೊದಲು ಮುಚ್ಚಳವನ್ನು ಗಾಲಿಯ ಹಾಗೆ ನೆಲದ ಮೇಲೆ ಉರುಳಿಸಿದೆ. ಆಮೇಲೆ ಮೊಣಕಾಲೆತ್ತರಕ್ಕೆ, ಆಮೇಲೆ ಸೊಂಟದೆತ್ತರಕ್ಕೆ. ಹಿಡಿಯುವುದು ಅದಕ್ಕೆ ಹುಟ್ಟಿನಿಂದಲೇ ಬರುತ್ತಿತ್ತು, ತಂದು ಕೊಡುವುದು ಬರುತ್ತಿರಲಿಲ್ಲ. ಹಿಡಿದದ್ದನ್ನು ಟ್ರಾಲಿಯ ಕೆಳಗೆ ಒಯ್ದು ಕಡಿಯುತ್ತ ಕೂರುತ್ತಿತ್ತು. ರೊಟ್ಟಿಯ ಅಂಚು ತೋರಿಸಿ ತೋರಿಸಿ, ಹದಿನೈದು ದಿನ ಹಿಡಿದು ಅದನ್ನು ಕಲಿಸಿದೆ. ಆದರೆ ಅಸಲು ತೊಡಕು ಬೇರೆಯೇ ಇತ್ತು. ಬಾಯಲ್ಲಿ ಹಿಡಿದ ಮುಚ್ಚಳಕ್ಕೆ ಜೊಲ್ಲು. ಜೊಲ್ಲಿನ ಮುಚ್ಚಳವನ್ನು ನಾನು ಮುಟ್ಟಿದರೆ ಆ ಕೈ, ಆ ಅಂಗಿ ಮನೆಯೊಳಗೆ ಬರುವಂತಿಲ್ಲ. ಮೂರನೇ ದಿನಕ್ಕೇ ದಾದಿಮಾ ಹೊಸ್ತಿಲಿನ ಮೇಲೆ ಬಂದು ನಿಂತಳು.

"ಆಡ್ತೀ ಅಂದ್ರ ಆಡು. ಒಮ್ಮೆ ಮಣ್ಣು ಹಚ್ಚಿ, ಆರು ಸಲ ನೀರು ಹಾಕಿ ತೊಳದು ಮುಟ್ಟು. ಒಟ್ಟು ಏಳು."

"ಮೂರು ಸಲ ತೊಳದ್ರ ಸಾಕಂತಾರಲ್ಲಮ್ಮಾ" ಎಂದರು ಅಬ್ಬಾ, ಟ್ರಾಲಿಯ ಮೇಲಿಂದ.

"ನೀ ನವಿಲು ಬರಿ."

ಅಡುಗೆ ಮನೆಯಿಂದ ಅಮ್ಮಾ ಕೂಗಿದಳು:

"ನಾಯಿ ಆಟಕ್ಕ ಆರು ತಂಬಗಿ ನೀರು, ನನ್ನ ಬಾಂಡೆ ತೊಳ್ಯಾಕ ನೀರಿಲ್ಲ! ಈ ಮನ್ಯಾಗ ಯಾರಿಗಿ ಬುದ್ಧಿ ಅದ ಹೇಳ್ರಿ!"

ಹೀಗೆ, ಒಂದು ಎಸೆತಕ್ಕೆ ಏಳು ತೊಳೆತ. ಇಷ್ಟು ನಿಧಾನದ ಆಟವನ್ನು ಯಾವ ಊರಿನಲ್ಲೂ ಯಾವ ನಾಯಿಯೂ ಆಡಿರಲಾರದು. ನಾಯಿ ಮುಚ್ಚಳವನ್ನು ಹೌಜಿನ ಪಕ್ಕದ ಮಣ್ಣಿನ ಗುಪ್ಪೆಯ ಮೇಲೆ ಬಿಡಬೇಕು. ನಾನು ಕಡ್ಡಿಯಿಂದ ಹೊರಳಿಸಿ ಮಣ್ಣು ಹಚ್ಚಬೇಕು, ಆಮೇಲೆ ತಂಬಿಗೆಯಿಂದ ನೀರು. ಕೈಯಲ್ಲಿ ಜಪದ ತಸ್ಬೀಹ್ ಮಣಿ ಹಿಡಿದು ಪಡಸಾಲೆಯ ಕಟ್ಟೆಯ ಮೇಲೆ ಕುಳಿತ ದಾದಿಮಾ ದೊಡ್ಡ ದನಿಯಲ್ಲಿ ಎಣಿಸಬೇಕು: ಏಕ್, ದೋ, ತೀನ್. ಮೊದಮೊದಲು ನಾಯಿ ತಾಳ್ಮೆಗೆಟ್ಟು ಕುಣಿಯುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಅದು ಲೆಕ್ಕ ಕಲಿತುಬಿಟ್ಟಿತು. ಐದರ ತನಕ ಮಲಗಿರುವುದು, ಆರಕ್ಕೆ ಛೇ ಅಂದಾಗ ಕಿವಿ ಎತ್ತುವುದು, ಏಳಕ್ಕೆ ಸಾತ್ ಅಂದಾಗ ಎದ್ದು ನಿಲ್ಲುವುದು. ಎದ್ದು ನಿಂತದ್ದು ಖುಷಿಗೆ ಎರಡು ಹೆಜ್ಜೆ ಹೊಸ್ತಿಲಿನ ಕಡೆಗೇ ಬರುತ್ತಿತ್ತು. ಆಗ ದಾದಿಮಾ ಗಾಬರಿಯಾಗಿ ಕೈ ಎತ್ತಿ "ಹಚಾ!" ಅನ್ನುತ್ತಿದ್ದಳು. ಅದೇ ಗಳಿಗೆಗೆ ನಾನು ಕೈ ಎತ್ತಿ ಮುಚ್ಚಳ ಬಿಡುತ್ತಿದ್ದೆ. ದಿನಕ್ಕೆ ಹತ್ತು ಸಲ, ತಿಂಗಳುಗಟ್ಟಲೆ. ಕೊನೆಗೆ ದಾದಿಮಾ ಇಲ್ಲದಾಗ ನಾನೂ ಹಚಾ ಎಂದೇ ಎಸೆಯತೊಡಗಿದೆ. ಬೇರೆ ಏನಂದರೂ ಅದು ಏಳುತ್ತಿರಲಿಲ್ಲ. ಹೋಗು ಎಂಬ ಶಬ್ದ ಅದಕ್ಕೆ ಬಾ ಆಯಿತು, ಹಾರು ಆಯಿತು, ಬಹುಶಃ ಅದರ ಹೆಸರೂ ಆಯಿತು. ಎತ್ತಿದ ಕೈ ಅಂದರೆ ಆಟ ಎಂದು ತಿಳಿದ ನಾಯಿ ಆ ಓಣಿಯಲ್ಲಿ ಅದೊಂದೇ. ನಾವು ಯಾರೂ ಇದನ್ನು ಗಮನಿಸಲಿಲ್ಲ. ಗಮನಿಸಬೇಕಾದವಳು ನಾನು.

ನಗುವಂಥ ಸಂಗತಿಯೆಂದೇ ಅದು ಮೊದಲು ಕಂಡದ್ದು. ನಮ್ಮ ಪಕ್ಕದಲ್ಲಿ ಬಸಣ್ಣ ಕಾಕಾನ ಹಿಟ್ಟಿನ ಗಿರಣಿ. ಗಿರಣಿಯ ಬೋರ್ಡನ್ನು ಅಬ್ಬಾ ಬರೆದದ್ದು, ನಮ್ಮ ಜೋಳ ಬೀಸುತ್ತಿದ್ದದ್ದು ಅವರು. ಕಾಕಾನ ಹೆಂಡತಿ ಶಿವಮ್ಮ ಕಾಕು ಒಂದು ಮಧ್ಯಾಹ್ನ ಸಂಡಿಗೆ ಒಣಹಾಕಿದ್ದ ಸೀರೆಯ ಹತ್ತಿರ ನಮ್ಮ ನಾಯಿಯನ್ನು ಕಂಡು "ಹಚಾ!" ಎಂದಳು. ಅದು ಸೀರೆಯ ನಡುವೆಯೇ ಓಡಿ ಬಂದು ಅವಳ ಮುಂದೆ ನಿಂತು ಆಕಾಶ ನೋಡಿತು. ಮತ್ತೆ "ಹಚಾ!" ಅಂದಳು, ಇನ್ನೂ ಹತ್ತಿರ ಬಂತು. ಅರ್ಧ ಸಂಡಿಗೆ ಅದರ ಕಾಲಿಗೆ ಮೆತ್ತಿಕೊಂಡವು.

"ಎಂಥಾ ನಾಯಿ ಸಾಕೀರಿ ನೀವು? ಹೋಗಂದ್ರ ಬರ್ತದಲ್ರಿ ಇದು!"

ಅಮ್ಮಾ ಸೆರಗು ಬಾಯಿಗಿಟ್ಟು ನಕ್ಕಳು. ದಾದಿಮಾ ಕೂಡ ನಕ್ಕಳು. ರಾತ್ರಿ ಊಟಕ್ಕೆ ಕೂತಾಗ ಪುಂಡಿ ಪಲ್ಯ ರೊಟ್ಟಿ ತಿನ್ನುತ್ತ ಅಬ್ಬಾ ಶಿವಮ್ಮ ಕಾಕುವಿನ ಹಾಗೆ ಸೊಂಟಕ್ಕೆ ಕೈಯಿಟ್ಟು ತೋರಿಸಿದರು. ನನಗೆ ಹೆಮ್ಮೆಯಾಗಿತ್ತು.

ಅದಾಗಿ ಕೆಲವು ವಾರಕ್ಕೆ ಊರಿಗೆ ಹುಚ್ಚು ನಾಯಿ ಬಂತು. ಸಂತೆಯ ಕಡೆ ಇಬ್ಬರನ್ನು ಕಡಿದು, ಬಸಣ್ಣ ಕಾಕಾನ ಕರುವನ್ನೂ ಕಡಿಯಿತು. ವಾರಗಳು ಕಳೆದು ಕರುವಿಗೂ ಹುಚ್ಚು ಹಿಡಿದಾಗ ಅದನ್ನು ಗಿರಣಿಯ ಹಿಂದೆ ಕಟ್ಟಿ ಹಾಕಿದರು. ನೊರೆ ಸುರಿಸುತ್ತ, ಗೂಟಕ್ಕೆ ತಲೆ ಬಡಿದುಕೊಳ್ಳುತ್ತ ಅದು ಸಾಯುವುದನ್ನು ಓಣಿಯವರೆಲ್ಲ ನೋಡಿದೆವು. ಕಾಕಾ ಎರಡು ದಿನ ಗಿರಣಿ ತೆಗೆಯಲಿಲ್ಲ. ಅವರ ಇಬ್ಬರು ಮೊಮ್ಮಕ್ಕಳು ಇನ್ನೂ ಅಂಬೆಗಾಲಿನವರು, ದಿನವಿಡೀ ಓಣಿಯ ಮಣ್ಣಿನಲ್ಲಿಯೇ. ಆಮೇಲೆ ಗಂಡಸರು ಕೈಯಲ್ಲಿ ಬಡಿಗೆ, ಕಲ್ಲು ಹಿಡಿದು ಓಣಿ ಓಣಿ ತಿರುಗಿ ಕಂಡ ನಾಯಿಗಳನ್ನೆಲ್ಲ ಊರಾಚೆ ಅಟ್ಟತೊಡಗಿದರು. ಗುರುವಾರ ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಬಸಣ್ಣ ಕಾಕಾ ನಮ್ಮ ಮನೆಯ ಮುಂದೆಯೇ ನಿಂತಿದ್ದರು. ನಾಲ್ಕೈದು ನಾಯಿಗಳಿದ್ದವು. ಕಾಕಾ ಮುಷ್ಟಿ ಗಾತ್ರದ ಕಲ್ಲು ಎತ್ತಿ "ಹಚಾ!" ಎಂದು ಗುಡುಗಿದರು. ಉಳಿದವೆಲ್ಲ ಬಾಲ ಮುದುರಿ ಓಡಿದವು. ನಮ್ಮದು ಓಡಿ ಬಂತು. ಕಲ್ಲು ಅವರ ಕೈ ಬಿಟ್ಟಾಗ ಅದು ಆಗಲೇ ನೆಲ ಬಿಟ್ಟಿತ್ತು. ಹಲ್ಲಿಗೆ ಕಲ್ಲು ತಾಗಿದ ಸದ್ದು ನನಗೆ ಓಣಿಯ ಆ ತುದಿಗೆ ಕೇಳಿಸಿತು. ಬಿದ್ದದ್ದು ಎದ್ದು, ಆ ಕಲ್ಲನ್ನೇ ರಕ್ತದ ಬಾಯಲ್ಲಿ ಕಚ್ಚಿ ತಂದು, ಕಾಕಾನ ಕಾಲ ಹತ್ತಿರ ಇಟ್ಟು, ಮಲಗಿ ಕಾಯತೊಡಗಿತು. ಏಳು ಸಲ ತೊಳೆಯುತ್ತಾರೆಂದು.

ಬಸಣ್ಣ ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಮುಖ ಬಿಳಿಚಿಕೊಂಡಿತ್ತು.

"ಕಲ್ಲು ಒಗದ್ರ ಮೈಮ್ಯಾಲ ಬರಾಕತ್ತದ. ಇದಕ್ಕೂ ಹುಚ್ಚು ಹಿಡದದ!"

"ಇಲ್ರಿ ಕಾಕಾ, ಅದು ಆಟ ರಿ! ನಾ ಕಲಿಸೇನ್ರಿ ಅದಕ್ಕ!" ಎಂದೆ ನಾನು, ಓಡಿ ಬಂದು.

"ಕಲ್ಲು ಹಿಡ್ಯಾದು ನಾಯಿಗಿ ಯಾರಾರ ಕಲಸ್ತಾರೇನ್ ಬೇ? ಶಾಣ್ಯಾ ನಾಯಿ ಕಲ್ಲಿಗಿ ಅಂಜ್ತದ."

ಅವರ ಮಾತಿನಲ್ಲಿ ತಪ್ಪೇನಿತ್ತು? ಕಲ್ಲಿಗೆ ಹೆದರದ ನಾಯಿಯನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಅಬ್ಬಾ ಬ್ರಷ್ ಹಿಡಿದುಕೊಂಡೇ ಹೊರಗೆ ಬಂದು ಆಟದ ವಿಷಯ, ಮುಚ್ಚಳದ ವಿಷಯ ಎಲ್ಲ ಹೇಳಿದರು. ಕಾಕಾ ತಲೆ ತಗ್ಗಿಸಿ ಕೇಳಿದರು. ಅವರು ಕೆಟ್ಟವರಲ್ಲ, ಆ ಹೊತ್ತಿಗೂ ಅಬ್ಬಾನಿಗೆ ಬಹುವಚನ ತಪ್ಪಿಸಲಿಲ್ಲ.

"ಇರಬಹುದ್ರಿ ಸಾಬರ. ಖರೆ, ನಮ್ಮ ಕರಾ ಹ್ಯಾಂಗ ಸತ್ತದ ನೀವೂ ನೋಡೀರಿ. ಮೊಮ್ಮಕ್ಕಳು ಓಣ್ಯಾಗ ಆಡ್ತಾವ. ನಾಳಿ ನೀವು ಜುಮ್ಮಾ ನಮಾಜು ಮುಗಿಸಿ ಬರ್ರಿ. ನಾವು ನಾಲ್ಕು ಮಂದಿ ಬರ್ತೇವಿ. ಎಲ್ಲಾ ನಾಯಿಹಂಗ ಅಂಜಿ ಓಡ್ತಂದ್ರ ನಮ್ದೇನೂ ತಕರಾರಿಲ್ಲ. ಓಡಲಿಲ್ಲಂದ್ರ ಜೀವಂತ ಬಿಡಂಗಿಲ್ಲ, ಸಿಟ್ಟಾಗಬ್ಯಾಡ್ರಿ."

ಅಂದು ಸಂಜೆ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಯಿಯ ಮುಂದಿನ ಹಲ್ಲು ಮುರಿದಿತ್ತು. ಅಬ್ಬಾ ಅದನ್ನು ಟ್ರಾಲಿಯಲ್ಲಿ ಕಟ್ಟಿಕೊಂಡು ಸೊನ್ನದ ಕಡೆ ಒಯ್ದು, ಬ್ಯಾರೇಜಿನ ಆಚೆ ಭೀಮೆಯ ದಂಡೆಯಲ್ಲಿ ಬಿಟ್ಟು ಬರುತ್ತೇನೆಂದರು. ನಾನು ಹೂಂ ಎಂದು ಅಳುತ್ತ ಒಪ್ಪಿದೆ. ಕಣ್ಣ ಮುಂದೆ ಇರದಿದ್ದರೂ ಬದುಕಲಿ ಎಂದು. ಗೋಡೆಗೆ ಒರಗಿ ಕೂತಿದ್ದ ದಾದಿಮಾ ಒಪ್ಪಲಿಲ್ಲ.

"ಸೊನ್ನದಾಗ ಮಂದಿಗಿ ಕೈ ಇಲ್ಲೇನು? ಅಲ್ಲೂ ಯಾರರೆ ಕಲ್ಲು ಎತ್ತತಾರ. ಇದು ಓಡಿ ಹೋಗಿ ಬಾಯಿ ತಗೀತದ. ಇಲ್ಲೇ ಅಂಜಾದು ಕಲೀಬೇಕು ಅದು."

"ನಾ ಹೊಡೀತೀನಿ ಬಿಡು" ಎಂದರು ಅಬ್ಬಾ.

"ನೀ ಹೊಡದ್ರ ನಿನಗ ಅಂಜ್ತದ. ಅದು ಹಾರೂದು ಈಕಿ ಕೈ ನೋಡಿ. ಈಕಿ ಕೈಗೆ ಅಂಜಿದ್ರ ಎಲ್ಲಾರ ಕೈಗೂ ಅಂಜ್ತದ."

ಆ ಗಳಿಗೆಯಲ್ಲಿ ದಾದಿಮಾಳನ್ನು ನಾನು ದ್ವೇಷಿಸಿದೆ. ಮಕ್ಕಳು ದೊಡ್ಡವರನ್ನು ದ್ವೇಷಿಸುವುದಿಲ್ಲ ಎಂದು ಹೇಳುವವರು ಸುಳ್ಳು ಹೇಳುತ್ತಾರೆ. ಅವಳಿಗೆ ತನ್ನ ನಮಾಜೇ ದೊಡ್ಡದು, ನಾಯಿ ಇಷ್ಟವಿಲ್ಲ, ಅದಕ್ಕೇ ಹೀಗೆ ಎಂದುಕೊಂಡೆ. ಅವಳು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಬೇಕಾದವು.

ಶುಕ್ರವಾರ ಶಾಲೆಗೆ ಕಳಿಸಲಿಲ್ಲ. ಬೆಳಿಗ್ಗೆ ದಾದಿಮಾ ಅಂಗಳದಲ್ಲಿ ಬಗ್ಗಿ ಬಗ್ಗಿ ಕಲ್ಲು ಆರಿಸಿದಳು. ಚೂಪಾದದ್ದನ್ನು ಬಿಟ್ಟು, ಗುಂಡನೆಯವನ್ನು, ನೆಲ್ಲಿಕಾಯಿಗಿಂತ ದೊಡ್ಡದಲ್ಲದವನ್ನು ಹುಡುಕಿ ತಂದು ನನ್ನ ಲಂಗದ ಮಡಿಲಿಗೆ ಹಾಕಿದಳು. ನಾಯಿ ಹೌಜಿನ ಹತ್ತಿರ ಊದಿದ ಮೂತಿ ಇಟ್ಟು ಮಲಗಿತ್ತು. ನಾನು ಎದ್ದು ನಿಂತದ್ದೇ ಅದೂ ಎದ್ದಿತು, ಬಾಲ ಆಡಿಸಿತು. ಹಚಾ ಎಂದು ಪಕ್ಕಕ್ಕೆ ಒಗೆದೆ. ಅಷ್ಟು ನೋವಿನಲ್ಲೂ ಹಾರಿ ಹಿಡಿದು ತಂದು ಮಣ್ಣಿನ ಗುಪ್ಪೆಯ ಮೇಲೆ ಇಟ್ಟಿತು.

"ಪಕ್ಕಕ್ಕ ಒಗದ್ರ ಆಟ ಆಯ್ತದು. ಮೈಗೆ ಒಗಿ."

ಅದರ ಬಾಯಿ ಗಾಳಿಯಲ್ಲಿ ಎಲ್ಲಿಗೆ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ತಿಂಗಳುಗಟ್ಟಲೆ ನಾನು ಕಲಿತದ್ದೇ ಅದನ್ನು, ಮುಚ್ಚಳ ಸರಿಯಾಗಿ ಅದರ ಬಾಯಿಗೇ ಹೋಗುವಂತೆ ಎಸೆಯುವುದನ್ನು. ಶಾಲೆಯಲ್ಲಿ ಯಾರೂ ನಂಬದ ನನ್ನ ಕೈ ಅಂಗಳದಲ್ಲಿ ಗುರಿ ಕಲಿತಿತ್ತು. ಈಗ ಅದೇ ಗುರಿಯಿಂದ ಬಾಯಿ ತಪ್ಪಿಸಿ ಪಕ್ಕೆಗೆ ಹೊಡೆಯಬೇಕಿತ್ತು. ಹೊಡೆದೆ. ಕುಂಯ್ ಎಂದಿತು. ತಾನು ಹಿಡಿಯುವುದರಲ್ಲಿ ತಪ್ಪಿದೆ ಎಂದುಕೊಂಡಿರಬೇಕು, ಆ ಕಲ್ಲನ್ನು ಹುಡುಕಿ ತಂದು ಕೊಟ್ಟಿತು. ಮುಂದಿನದು ತೊಡೆಗೆ. ಅದನ್ನೂ ತಂದಿತು, ಕುಂಟುತ್ತ. ನಾಲ್ಕನೆಯದಕ್ಕೆ ಹಾರಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ, ಬಾಲವನ್ನು ಮಣ್ಣಿನಲ್ಲಿ ಮೆಲ್ಲಗೆ ಆಡಿಸುತ್ತ ತೆವಳಿಕೊಂಡು ನನ್ನ ಕಡೆಗೇ ಬಂತು. ನಾನು ಕೂತುಬಿಟ್ಟೆ. ಬಾರೋ ಎಂದು ತಬ್ಬಿಕೊಳ್ಳಬೇಕೆನ್ನಿಸಿತು. ಕರೆಯಲು ನನ್ನ ಬಾಯಲ್ಲಿ ಇದ್ದದ್ದು ಹಚಾ ಎಂಬುದೊಂದೇ. ದಾದಿಮಾ ನನ್ನ ಹಿಂದೆ ಬಂದು ರಟ್ಟೆ ಹಿಡಿದು ಎಬ್ಬಿಸಿದಳು.

"ಒಗಿ ಬೇಟಾ. ಇವತ್ತ ನೀ ಒಗಿಲಿಲ್ಲಂದ್ರ ಅವ್ರು ಒಗೀತಾರ. ಅವ್ರ ಕಲ್ಲು ಇಷ್ಟು ಸಣ್ಣು ಇರಂಗಿಲ್ಲ."

ಒಗೆದೆ. ಎಷ್ಟು ಒಗೆದೆ ಎಂದು ಅಂದು ಯಾರೂ ಎಣಿಸಲಿಲ್ಲ. ಅಮ್ಮಾ ಅಡುಗೆ ಮನೆಯಲ್ಲಿ ಸುಮ್ಮನೆ ರೊಟ್ಟಿ ಬಡಿಯುತ್ತಲೇ ಇದ್ದಳು, ಹಿಟ್ಟು ಮುಗಿಯುವ ತನಕ.

ಜುಮ್ಮಾ ಮುಗಿಸಿ ಅಬ್ಬಾ ಬಂದರು. ಬಸಣ್ಣ ಕಾಕಾ, ಅವರ ಹಿಂದೆ ಮೂವರು. ಕಾಕಾ ಬಡಿಗೆಯನ್ನು ನಮ್ಮ ಗೋಡೆಯ ಹೊರಗೇ ಒರಗಿಸಿ ಬರಿಗೈಯಲ್ಲಿ ಒಳಗೆ ಬಂದರು. ನಾನು ಅಂಗಳದ ನಡುವೆ ನಿಂತೆ. ಕೈ ಎತ್ತಿ ಹಚಾ ಎಂದೆ. ನಾಯಿ ಮೊದಲು ನನ್ನ ಕೈ ನೋಡಿತು, ಆಮೇಲೆ ನನ್ನ ಮುಖ ನೋಡಿತು. ನಾನು ಕಲ್ಲು ಬಿಟ್ಟೆ. ಕಲ್ಲು ನೆಲ ಮುಟ್ಟುವ ಮೊದಲೇ ಅದು ಟ್ರಾಲಿಯ ಕೆಳಗೆ ನುಸುಳಿ ಆಚೆಯ ರಸ್ತೆಗೆ ಓಡಿತ್ತು.

"ಶಾಣ್ಯಾ ಅದ ಬಿಡ್ರಿ, ಶಾಣ್ಯಾ ಅದ" ಎಂದರು ಬಸಣ್ಣ ಕಾಕಾ. ನನ್ನ ತಲೆಯ ಮೇಲೆ ಕೈಯಿಟ್ಟರು, ಕೂದಲಿಗೆಲ್ಲ ಹಿಟ್ಟು. ಅಷ್ಟರಲ್ಲಿ ಅವರ ಜೊತೆ ಬಂದವರಲ್ಲಿ ಒಬ್ಬರು, ಬೀಡಿ ಹಚ್ಚಲು ಆಚೆ ತಿರುಗಿದ್ದವರು, ಕೇಳಿದರು:

"ನಾ ನೋಡ್ಲೇ ಇಲ್ಲಲ್ರಿ. ಇನ್ನೊಮ್ಮಿ ಓಡಸು ಬೇ ತಂಗಿ."

ನಾಯಿ ಮೆಲ್ಲಗೆ ಟ್ರಾಲಿಯ ಗಾಲಿಯವರೆಗೆ ವಾಪಸ್ಸು ಬಂದು ಇಣುಕುತ್ತಿತ್ತು. ನಾನು ಕೈ ಎತ್ತಿದೆ. ಕೈಯಲ್ಲಿ ಏನೂ ಇರಲಿಲ್ಲ, ಬಾಯಿಂದ ಮಾತೂ ಹೊರಡಲಿಲ್ಲ. ಅದು ಓಡಿತು. ಎಲ್ಲರೂ ನಕ್ಕರು, ಶಹಬ್ಬಾಸ್ ಎಂದರು. ಅಬ್ಬಾ ಚಹಾ ಮಾಡಲು ಹೇಳಿ ಅವರನ್ನೆಲ್ಲ ಪಡಸಾಲೆಗೆ ಕರೆದೊಯ್ದರು.

ಸಂಜೆ ನಾನು ಹೌಜಿನ ಕಟ್ಟೆಯ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ, ಅದಕ್ಕೆ ನನ್ನ ಕೈ ಕಾಣಬಾರದೆಂದು. ಕತ್ತಲಾಗುವ ತನಕ ಕೂತೆ. ಅದು ಗಾಲಿಯ ಹತ್ತಿರವೇ ನಿಂತು ನೋಡಿತು, ಬರಲಿಲ್ಲ. ಆಮೇಲೂ ಅದು ನಮ್ಮ ಮನೆಯ ಮುಂದೆಯೇ ಎಷ್ಟೋ ವರ್ಷ ಬದುಕಿತು. ನಾನು ರೊಟ್ಟಿ ಹಾಕಿ ಒಳಗೆ ಹೋದ ಮೇಲೆ ಬಂದು ತಿನ್ನುತ್ತಿತ್ತು. ಓಣಿಯಲ್ಲಿ ಯಾರ ಕಲ್ಲೂ ಅದಕ್ಕೆ ಮತ್ತೆ ತಾಗಲಿಲ್ಲ, ಅಷ್ಟು ಚುರುಕಾಗಿ ಓಡುತ್ತಿತ್ತು. ನಾನು ಕಲಿಸಿದ್ದನ್ನು ಮರೆಯುವ ನಾಯಿ ಅದಲ್ಲ.